ನಾಲ್ಕು ಮೊಳ ದೂರ

ನನಗಾಗ 17 ವರ್ಷ. ಸಭೆ ಮುಗಿಸಿ ಮೆಟ್ಟಿಲು ಇಳಿಯುತ್ತಿದ್ದೆ. ಎದುರಿಗೆ ಅವರು ಬರುತ್ತಿದ್ದರು.

ನಮಗೆಲ್ಲ ಧರ್ಮಗ್ರಂಥ ಓದೋದನ್ನು ಕಲಿಸಿದವರು ಅವರು. ಚಿಕ್ಕವರಿದ್ದಾಗ ಅವರ ಸುತ್ತ ಕೂತು ಸಾಲು ಸಾಲಾಗಿ ಓದುತ್ತಿದ್ದೆವು. ಅರ್ಥವಾಗದ ಸಾಲು ಬಂದರೆ ಪಕ್ಕದಲ್ಲಿ ಪೆನ್ಸಿಲ್‌ನಿಂದ ಒಂದು ಚುಕ್ಕೆ ಇಡಿ ಅನ್ನುತ್ತಿದ್ದರು. ಅರ್ಥವಾದ ದಿನ ಅಳಿಸಿ, ಅವಸರ ಏನಿಲ್ಲ. ಅವರ ಪುಸ್ತಕದಲ್ಲೂ ಚುಕ್ಕೆಗಳಿದ್ದವು. ನಮ್ಮದಕ್ಕಿಂತ ಜಾಸ್ತಿಯೇ ಇದ್ದವು.

ಆ ಸಂಜೆಯ ಹೊತ್ತಿಗೆ ಅವರನ್ನು ಹೊರಗೆ ಹಾಕಿ ಎರಡು ತಿಂಗಳಾಗಿತ್ತು. ಹಿರಿಯರ ಮುಂದೆ ಅವರು ಒಂದು ಮಾತು ಹೇಳಿದ್ದರು. ‘ನಮ್ಮವರಲ್ಲದವರೆಲ್ಲ ನರಕಕ್ಕೆ ಹೋಗ್ತಾರೆ ಅಂತ ನನಗೆ ನಂಬೋಕೆ ಆಗ್ತಿಲ್ಲ.’ ಅಷ್ಟೇ. ಕದ್ದಿರಲಿಲ್ಲ, ಕುಡಿದಿರಲಿಲ್ಲ, ಯಾರ ಮನೆಯನ್ನೂ ಮುರಿದಿರಲಿಲ್ಲ. ಮೊದಲು ಬುದ್ಧಿ ಹೇಳಿದರು. ಆಮೇಲೆ ಅವರಿಗಾಗಿ ಪ್ರಾರ್ಥನೆ ಮಾಡಿದರು. ಆಮೇಲೆ ಮಾತನ್ನು ವಾಪಸ್ ತಗೋ ಅಂದರು. ಅವರು ತಗೊಳ್ಳಲಿಲ್ಲ. ಇನ್ನು ಮುಂದೆ ಅವರ ಜೊತೆ ಯಾರೂ ಮಾತಾಡಬಾರದು ಅಂತ ನಮಗೆಲ್ಲ ಹೇಳಲಾಯಿತು.

ಮೆಟ್ಟಿಲ ಬುಡದಲ್ಲಿ ಅವರು ನನ್ನನ್ನು ನೋಡಿ ನಕ್ಕರು. ನಾನು ಬಗ್ಗಿ ಶೂ ಲೇಸ್ ಕಟ್ಟತೊಡಗಿದೆ. ಲೇಸ್ ಬಿಚ್ಚಿರಲಿಲ್ಲ. ಗಂಟನ್ನು ಬಿಚ್ಚಿ ಮತ್ತೆ ಕಟ್ಟಿದೆ. ಅವರ ಕಾಲು ನನ್ನ ಮುಂದೆ ಸ್ವಲ್ಪ ಹೊತ್ತು ನಿಂತಿತ್ತು. ಆಮೇಲೆ ಹೋಯಿತು.

ಅದು ಯಾವ ಧರ್ಮ, ಯಾವ ಪಂಗಡ ಅಂತ ಇಲ್ಲಿ ಹೇಳುವುದಿಲ್ಲ. ಹೇಳಿದರೆ ಓದುವವರಲ್ಲಿ ಅರ್ಧ ಜನ ‘ಓ, ಅವರಾ’ ಅಂದುಕೊಂಡು ನಿರಾಳ ಆಗಿಬಿಡುತ್ತಾರೆ. ನನಗೆ ಅದು ಬೇಡ. ಈ ವಿಷಯದ ಬಗ್ಗೆ ಎಷ್ಟೋ ವರ್ಷದಿಂದ ಓದುತ್ತಾ ಬಂದಿದ್ದೇನೆ. ಓದಿದಷ್ಟೂ ಕಂಡದ್ದು ಒಂದೇ ಸಂಗತಿ. ದೇವರ ಹೆಸರು ಬೇರೆ, ಗ್ರಂಥ ಬೇರೆ, ಭಾಷೆ ಬೇರೆ. ಬಗ್ಗಿ ಲೇಸ್ ಕಟ್ಟುವ ಹುಡುಗ ಮಾತ್ರ ಎಲ್ಲ ಕಡೆಯೂ ಇದ್ದಾನೆ.

1656ರ ಜುಲೈ 27. ಆಮ್‌ಸ್ಟರ್‌ಡ್ಯಾಮ್‌ನ ಪೋರ್ಚುಗೀಸ್ ಯಹೂದಿಗಳ ಪ್ರಾರ್ಥನಾ ಮಂದಿರದಲ್ಲಿ ಒಂದು ಕಾಗದ ಓದಿದರು. ಮುಂದೆ ದೊಡ್ಡ ತತ್ವಜ್ಞಾನಿ ಅನಿಸಿಕೊಂಡ, ಆಗ 23 ವರ್ಷದವನಾಗಿದ್ದ ಬರೂಕ್ ಸ್ಪಿನೋಜಾನನ್ನು ಹೊರಗೆ ಹಾಕುವ ಆದೇಶ ಅದು. ಹಗಲಲ್ಲಿ ಶಾಪ, ಇರುಳಲ್ಲಿ ಶಾಪ, ಮಲಗುವಾಗ ಶಾಪ, ಏಳುವಾಗ ಶಾಪ ಅಂತ ಅದು ಸಾಗುತ್ತದೆ. ಆ ಶಾಪಗಳಿಗಿಂತ ನನ್ನನ್ನು ತಡೆದು ನಿಲ್ಲಿಸುವುದು ಕೊನೆಯ ಸಾಲುಗಳು. ಅವನ ಜೊತೆ ಯಾರೂ ಮಾತಾಡಬಾರದು, ಪತ್ರ ಬರೆಯಬಾರದು. ಅವನಿಗೆ ಯಾವ ಸಹಾಯವನ್ನೂ ಮಾಡಬಾರದು. ಒಂದೇ ಸೂರಿನಡಿ ಇರಬಾರದು. ಅವನಿಂದ ನಾಲ್ಕು ಮೊಳದೊಳಗೆ ಬರಬಾರದು. ಅವನು ಬರೆದದ್ದನ್ನು ಓದಬಾರದು.

ಆಗ ಅವನು ಇನ್ನೂ ಒಂದು ಪುಸ್ತಕವನ್ನೂ ಪ್ರಕಟಿಸಿರಲಿಲ್ಲ. ಅವನ ತಪ್ಪು ಇಂಥದ್ದು ಅಂತ ಆ ಕಾಗದದಲ್ಲಿ ಬಿಡಿಸಿ ಹೇಳಿಲ್ಲ. ಕೆಟ್ಟ ಅಭಿಪ್ರಾಯಗಳು, ಘೋರವಾದ ಪಾಷಂಡ ಮಾತುಗಳು ಅಂತಷ್ಟೇ ಇದೆ. ಏನು ಹೇಳಿದ ಅಂತ ಬರೆದರೆ, ಅದನ್ನು ಕೇಳಿದವರು ಯೋಚಿಸಬಹುದಲ್ವಾ.

ಆ ಸಮುದಾಯ ಯಾರದ್ದು ಅಂತ ತಿಳಿದಾಗ ನನಗೆ ಕೋಪದ ಜಾಗದಲ್ಲಿ ಸಂಕಟ ಬಂತು. ಸ್ಪೇನ್ ಮತ್ತು ಪೋರ್ಚುಗಲ್‌ನಲ್ಲಿ ಬಲವಂತವಾಗಿ ಕ್ರೈಸ್ತರಾದವರ ಮಕ್ಕಳು ಮೊಮ್ಮಕ್ಕಳು ಅವರು. ಮನೆಯೊಳಗೆ ಕದ್ದು ತಮ್ಮ ಧರ್ಮ ಉಳಿಸಿಕೊಂಡವರು. ಇನ್‌ಕ್ವಿಸಿಷನ್ ಅನ್ನುವ ಧರ್ಮವಿಚಾರಣೆಯ ಕೋರ್ಟಿಗೆ ಹೆದರಿ ಊರು ಬಿಟ್ಟು ಓಡಿ ಬಂದವರು. ಬೇರೆ ನಂಬಿಕೆ ಇಟ್ಟುಕೊಂಡರೆ ಏನಾಗುತ್ತದೆ ಅಂತ ಅವರಷ್ಟು ಚೆನ್ನಾಗಿ ಬಲ್ಲವರು ಆ ಕಾಲದಲ್ಲಿ ಕಡಿಮೆ. ಕೊನೆಗೂ ಉಸಿರಾಡಲು ಒಂದು ಊರು ಸಿಕ್ಕಿತ್ತು. ನಮ್ಮ ಹುಡುಗನೊಬ್ಬ ದೇವರ ಬಗ್ಗೆ ಏನೇನೋ ಮಾತಾಡುತ್ತಾನೆ ಅಂತ ಆ ಊರಿನವರಿಗೆ ಗೊತ್ತಾದರೆ? ಇದ್ದ ಒಂದು ನೆರಳೂ ಹೋದರೆ? ಅವರ ಕಟ್ಟುನಿಟ್ಟಿನ ಹಿಂದೆ ಈ ಹೆದರಿಕೆ ಇತ್ತು ಅಂತ ನನಗೆ ಅನಿಸುತ್ತದೆ. ನಾನು ಕಂಡ ಹಿರಿಯರ ಮುಖದಲ್ಲೂ ಅದೇ ಇತ್ತು. ಆಗ ಅದನ್ನು ಕೋಪ ಅಂದುಕೊಂಡಿದ್ದೆ.

ಸ್ಪಿನೋಜಾ ಏಳು ವರ್ಷದವನಿದ್ದಾಗ, 1640ರಲ್ಲಿ, ಅದೇ ಸಮುದಾಯದಲ್ಲಿ ಊರಿಯೆಲ್ ದ ಕೋಸ್ಟಾ ಅನ್ನುವವನು ಗುಂಡು ಹಾರಿಸಿಕೊಂಡು ಸತ್ತ. ಸತ್ತ ಮೇಲೆ ಆತ್ಮ ಉಳಿಯುತ್ತದೆ ಅನ್ನುವುದನ್ನು ಅವನು ಒಪ್ಪಿರಲಿಲ್ಲ. ಹೊರಗೆ ಹಾಕಿದರು. ವರ್ಷಗಟ್ಟಲೆ ಒಂಟಿಯಾಗಿದ್ದ. ತಾಳಲಾರದೆ, ತಪ್ಪಾಯ್ತು ಅಂತ ವಾಪಸ್ ಬಂದ. ವಾಪಸ್ ಸೇರಿಸಿಕೊಳ್ಳುವಾಗ ಏನು ಮಾಡಿದರು ಅಂತ ಅವನೇ ಬರೆದಿಟ್ಟಿದ್ದಾನೆ. ಎಲ್ಲರೆದುರು 39 ಚಾಟಿ ಏಟು. ಆಮೇಲೆ ಮಂದಿರದ ಹೊಸ್ತಿಲಲ್ಲಿ ಮಲಗಬೇಕು. ಎಲ್ಲರೂ ಅವನನ್ನು ದಾಟಿಕೊಂಡು ಹೊರಗೆ ಹೋಗಬೇಕು. ಮುದುಕರು, ಮಕ್ಕಳು, ಎಲ್ಲರೂ. ಆ ಹೊಸ್ತಿಲಲ್ಲಿ ಮಲಗಿದವನ ಕಣ್ಣಿಗೆ ಏನು ಕಂಡಿರಬಹುದು? ಬರೀ ಕಾಲುಗಳು. ನನಗೆ ಆ ಸಂಜೆಯ ಮೆಟ್ಟಿಲು ನೆನಪಾಗುತ್ತದೆ.

ನಾಲ್ಕು ಮೊಳದ ಈ ಲೆಕ್ಕ ತುಂಬಾ ಹಳೆಯದು. ಯಹೂದಿಗಳ ಧರ್ಮಚರ್ಚೆಗಳ ಹಳೆಯ ಗ್ರಂಥ ತಾಲ್ಮುಡ್‌ನಲ್ಲೇ ಅದು ಇದೆ. ಎಲಿಯೆಜರ್ ಅನ್ನುವ ದೊಡ್ಡ ಪಂಡಿತನ ಕಥೆ. ಒಂದು ಒಲೆ ಶುದ್ಧವೋ ಅಶುದ್ಧವೋ ಅನ್ನುವ ಚರ್ಚೆಯಲ್ಲಿ ಅವನು ಒಂದು ಕಡೆ, ಉಳಿದವರೆಲ್ಲ ಇನ್ನೊಂದು ಕಡೆ. ಅವನ ಮಾತೇ ಸರಿ ಅಂತ ಆಕಾಶದಿಂದ ದನಿ ಬಂತು ಅನ್ನುತ್ತದೆ ಕಥೆ. ಆದರೂ ಬಹುಮತ ಒಪ್ಪಲಿಲ್ಲ. ಧರ್ಮದ ತೀರ್ಮಾನ ಈಗ ಆಕಾಶದಲ್ಲಿಲ್ಲ, ನಮ್ಮ ಕೈಯಲ್ಲಿದೆ ಅಂದರು. ಇಲ್ಲಿಯವರೆಗೆ ಕಥೆ ಚೆನ್ನಾಗಿದೆ. ಸಮುದಾಯ ತಾನೇ ಕೂತು ಯೋಚಿಸಿ ತೀರ್ಮಾನಿಸಬೇಕು ಅನ್ನುವುದನ್ನು ನಾನೂ ಒಪ್ಪುತ್ತೇನೆ. ಆದರೆ ಅವರು ಅಲ್ಲಿಗೇ ನಿಲ್ಲಿಸಲಿಲ್ಲ. ಒಪ್ಪದ ಎಲಿಯೆಜರನನ್ನು ಹೊರಗೆ ಹಾಕಿದರು.

ಅವನಿಗೆ ಈ ಸುದ್ದಿ ಹೇಳುವವರು ಯಾರು? ಅವನ ಶಿಷ್ಯ ಅಕಿವಾ ಎದ್ದ. ನಾನು ಹೋಗುತ್ತೇನೆ, ಬೇರೆ ಯಾರಾದರೂ ಒರಟಾಗಿ ಹೇಳಿದರೆ ಲೋಕವೇ ಹಾಳಾದೀತು ಅಂದ. ಕಪ್ಪು ಬಟ್ಟೆ ಹಾಕಿಕೊಂಡ. ಹೋಗಿ ಗುರುವಿನಿಂದ ನಾಲ್ಕು ಮೊಳ ದೂರದಲ್ಲಿ ಕೂತ. ‘ಏನು ಅಕಿವಾ, ಇವತ್ತೇನು ವಿಶೇಷ?’ ಅಂತ ಗುರು ಕೇಳಿದ. ‘ಗುರುಗಳೇ, ನಿಮ್ಮ ಗೆಳೆಯರು ನಿಮ್ಮಿಂದ ದೂರ ಆಗುತ್ತಿದ್ದಾರೆ ಅಂತ ಕಾಣುತ್ತದೆ’ ಅಂದ ಅಕಿವಾ. ಎಲಿಯೆಜರ್ ಬಟ್ಟೆ ಹರಿದುಕೊಂಡ. ಚಪ್ಪಲಿ ಬಿಟ್ಟು ನೆಲದ ಮೇಲೆ ಕೂತ. ಕಣ್ಣಲ್ಲಿ ನೀರು ಬಂತು.

ಹೊರಗೆ ಹಾಕಿದ ಸಭೆಯ ಮುಖ್ಯಸ್ಥ ಗಮಲಿಯೇಲ್ ಯಾರು ಗೊತ್ತಾ? ಎಲಿಯೆಜರನ ಹೆಂಡತಿಯ ಅಣ್ಣ. ಗಂಡ ಮನಸ್ಸಿನ ನೋವನ್ನೆಲ್ಲ ದೇವರ ಮುಂದೆ ಸುರಿದರೆ ಅಣ್ಣ ಸತ್ತೇ ಹೋಗುತ್ತಾನೆ ಅಂತ ಆ ಹೆಣ್ಣುಮಗಳಿಗೆ ಹೆದರಿಕೆ. ಗಂಡ ನೆಲಕ್ಕೆ ಮುಖ ಹಚ್ಚಿ ಪ್ರಾರ್ಥಿಸದಂತೆ ದಿನವೂ ಕಾಯುತ್ತಿದ್ದಳಂತೆ. ಒಂದು ದಿನ ಗಮನ ಅತ್ತಿತ್ತ ಆಯಿತು. ಅಣ್ಣ ಹೋದ. ಒಂದು ಒಲೆಯ ಚರ್ಚೆಯಿಂದ ಶುರುವಾದದ್ದು ಒಬ್ಬಳ ಮನೆಯೊಳಗೆ, ಗಂಡ ಮತ್ತು ಅಣ್ಣನ ನಡುವೆ ಬಂದು ನಿಂತಿತು. ಈ ಕಥೆಯನ್ನು ಯಾರು ಕಟ್ಟಿದರೋ, ಅವರಿಗೆ ಬಹಿಷ್ಕಾರ ಅಂದರೆ ಏನು ಅಂತ ಚೆನ್ನಾಗಿ ಗೊತ್ತಿತ್ತು.

ಹೊರಗೆ ಹಾಕುವುದು ಒಬ್ಬನನ್ನು. ಬೀಳುವ ಪೆಟ್ಟು ಮಾತ್ರ ಇಡೀ ಮನೆಗೆ.

ಆಮಿಶ್ ಅನ್ನುವ ಕಟ್ಟುನಿಟ್ಟಿನ ಕ್ರೈಸ್ತ ಪಂಗಡದ ಜನರ ಬಗ್ಗೆ ಓದುವಾಗ ಒಂದು ಸಣ್ಣ ವಿವರ ನನ್ನನ್ನು ಬಿಡದೆ ಕಾಡಿತು. 1693ರಲ್ಲಿ ಸ್ವಿಟ್ಜರ್ಲೆಂಡ್ ಮತ್ತು ಅಲ್ಸಾಸ್ ಕಡೆಯ ಅನಾಬ್ಯಾಪ್ಟಿಸ್ಟ್ ಅನ್ನುವ ಕ್ರೈಸ್ತರು ಎರಡು ಹೋಳಾದರು. ಮುಖ್ಯ ಜಗಳವೇ ಇದು: ಹೊರಗೆ ಹಾಕಿದವರ ಜೊತೆ ಕೂತು ಊಟ ಮಾಡಬಹುದೋ ಇಲ್ಲವೋ. ಹಾನ್ಸ್ ರೈಸ್ಟ್ ಕಡೆಯವರು ಮನೆ ಊಟಕ್ಕೆ ಈ ನಿಯಮ ಬೇಡ ಅಂದರು. ಯಾಕೋಬ್ ಅಮ್ಮನ್ ಕೂಡದು ಅಂದ. ಅವನ ಹೆಸರಿನಿಂದಲೇ ಆಮಿಶ್ ಅಂತ ಬಂತು. ಏಳು ವರ್ಷ ಆದ ಮೇಲೆ ಅಮ್ಮನ್ ಕಡೆಯವರಿಗೆ ತಾವು ದುಡುಕಿದೆವು ಅನಿಸಿತು. ತಮ್ಮನ್ನೇ ತಾವು ಹೊರಗಿಟ್ಟುಕೊಂಡು ರಾಜಿಗೆ ಬಂದರು. ಹೊಂದಾಣಿಕೆ ಆಗಲಿಲ್ಲ.

ಆಮಿಶರಲ್ಲಿ ದೊಡ್ಡವರಾದ ಮೇಲೆ ತಾವೇ ಒಪ್ಪಿ ದೀಕ್ಷಾಸ್ನಾನ ತಗೊಳ್ಳುತ್ತಾರೆ. ಅದಕ್ಕೂ ಮೊದಲೇ ಬಿಟ್ಟು ಹೋದವರಿಗೆ ಬಹಿಷ್ಕಾರ ಇಲ್ಲ. ತಗೊಂಡ ಮೇಲೆ ಬಿಟ್ಟರೆ ಉಂಟು. ಅಂಥವರು ಮನೆಗೆ ಬಂದರೆ ಒಳಗೆ ಬಿಡುವುದಿಲ್ಲ ಅಂತೇನಿಲ್ಲ. ಊಟವನ್ನೂ ಕೊಡುತ್ತಾರೆ. ಆದರೆ ಒಂದೇ ಮೇಜಿನಲ್ಲಿ ಕೂರುವಂತಿಲ್ಲ. ಅವರ ಕೈಯಿಂದ ನೇರವಾಗಿ ಏನನ್ನೂ ತಗೊಳ್ಳುವಂತಿಲ್ಲ. ಅವರು ಮೇಜಿನ ಮೇಲೆ ಇಡಬೇಕು, ಇವರು ಅಲ್ಲಿಂದ ಎತ್ತಿಕೊಳ್ಳಬೇಕು. ಕೆಲವು ಮನೆಗಳಲ್ಲಿ ಇದಕ್ಕೊಂದು ದಾರಿ ಮಾಡಿಕೊಂಡಿದ್ದಾರೆ. ಎರಡು ಮೇಜುಗಳನ್ನು ಹತ್ತಿರ ಹತ್ತಿರ ಇಡುತ್ತಾರೆ. ನಡುವೆ ಒಂದು ಸಣ್ಣ ಸಂದು ಬಿಡುತ್ತಾರೆ. ಎರಡರ ಮೇಲೂ ಒಂದೇ ಬಟ್ಟೆ ಹಾಸುತ್ತಾರೆ.

ಆ ಬಟ್ಟೆಯನ್ನು ಹಾಸುವ ಕೈಯನ್ನು ನೆನೆಸಿಕೊಳ್ಳಿ. ನಿಯಮ ಮುರಿಯಬಾರದು, ಮಗಳು ದೂರ ಕೂರಲೂಬಾರದು. ಸಂದು ಇದೆ ಅಂತ ಇಬ್ಬರಿಗೂ ಗೊತ್ತು. ಕಾಣದಂತೆ ಮುಚ್ಚಿದೆ ಅಷ್ಟೇ. ಇಂಥ ಮನೆಗಳ ಬಗ್ಗೆ ಹೊರಗಿನವರು ಬರೆಯುವಾಗ ಎಷ್ಟು ಕಲ್ಲು ಮನಸ್ಸಿನ ಜನ ಅಂತ ಬರೆದುಬಿಡುತ್ತಾರೆ. ನನಗೆ ಹಾಗೆ ಬರೆಯಲು ಕೈ ಬರುವುದಿಲ್ಲ. ಪ್ರೀತಿ ಇಲ್ಲದಿದ್ದರೆ ಬಹಿಷ್ಕಾರ ಕೆಲಸವನ್ನೇ ಮಾಡುವುದಿಲ್ಲ. ಪ್ರೀತಿ ಇಲ್ಲದವರು ಮಾತು ಬಿಟ್ಟರೆ ಯಾರಿಗೇನು ನಷ್ಟ? ಅಮ್ಮ ಮಾತು ಬಿಟ್ಟರೆ ಮಾತ್ರ ಜೀವ ಹೋಗುತ್ತದೆ. ಅದಕ್ಕೇ ಅಮ್ಮನ ಕೈಯಿಂದಲೇ ಇದನ್ನು ಮಾಡಿಸುವುದು. ‘ನೀನು ಮಾತಾಡಿದರೆ ಅವನು ಯಾವತ್ತೂ ವಾಪಸ್ ಬರಲ್ಲ. ಅವನ ಒಳ್ಳೇದಕ್ಕೇ ಮಾತಾಡಬೇಡ.’ ಈ ಮಾತನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಹೇಳಿದವರು ಅಳುತ್ತಲೇ ಹೇಳಿದ್ದರು.

ಅವರಲ್ಲಿರುವ ಅತಿ ಒಳ್ಳೆಯ ಗುಣವನ್ನೇ ಹಿಡಿದು ಕೆಟ್ಟ ಕೆಲಸ ಮಾಡಿಸಲಾಗುತ್ತದೆ. ನನಗೆ ಇದನ್ನು ಮಾತ್ರ ಕ್ಷಮಿಸಲು ಆಗಿಲ್ಲ.

ನನ್ನ ಗುರುಗಳ ತಾಯಿಯ ವಿಷಯ ನನಗೆ ತೀರಾ ಈಚೆಗೆ ಗೊತ್ತಾಯಿತು. ಅವರೇ ಹೇಳಿದರು. ಹೊರಗೆ ಹಾಕಿದ ಮೇಲೆ ಪ್ರತಿ ವಾರ ತಾಯಿಗೆ ಫೋನ್ ಮಾಡುತ್ತಿದ್ದರಂತೆ. ಆಕೆ ಎತ್ತುತ್ತಿದ್ದರು. ಮಾತಾಡುತ್ತಿರಲಿಲ್ಲ. ಮೊದಲ ಸಲ ಲೈನ್ ಸರಿ ಇಲ್ಲ ಅಂದುಕೊಂಡರಂತೆ. ಆಮೇಲೆ ಉಸಿರು ಕೇಳಿಸಿತು. ಆಗ ಇವರು ಸುಮ್ನೆ ಹೇಳುತ್ತಾ ಹೋದರು. ಜ್ವರ ಬಂದಿತ್ತು, ಈಗ ಪರವಾಗಿಲ್ಲ. ಕನ್ನಡಕ ಬದಲಾಯಿಸಿದೆ. ಇವತ್ತು ಮಳೆ. ಹತ್ತು ನಿಮಿಷ ಆದ ಮೇಲೆ ಅತ್ತ ಕಡೆಯಿಂದ ಮೆಲ್ಲಗೆ ಫೋನ್ ಇಡುವ ಸದ್ದು. ಆಕೆ ಇರುವವರೆಗೂ ಹೀಗೇ ನಡೆಯಿತು. ‘ಮಾತಾಡಬಾರದು ಅಂತ ಹೇಳಿದ್ದರು. ಕೇಳಿಸಿಕೊಳ್ಳಬಾರದು ಅಂತ ಹೇಳಿರಲಿಲ್ಲ ನೋಡು’ ಅಂದರು ಅವರು.

ಹೊರಗೆ ಹಾಕುವುದು ದಾರಿ ತಪ್ಪಿದವನನ್ನು ಸರಿದಾರಿಗೆ ತರಲು ಅಂತ ಎಲ್ಲ ಕಡೆಯೂ ಹೇಳುತ್ತಾರೆ. ಕೆಲವರು ವಾಪಸ್ ಬರುತ್ತಾರೆ, ನಿಜ. ಆಮಿಶರಲ್ಲಿ ಎಷ್ಟೇ ವರ್ಷ ಆದ ಮೇಲೂ ಬಂದು, ಮಂಡಿಯೂರಿ ತಪ್ಪು ಒಪ್ಪಿಕೊಂಡರೆ ಮತ್ತೆ ಸೇರಿಸಿಕೊಳ್ಳುತ್ತಾರೆ. ಆದರೆ ನಾನು ಒಳಗಿದ್ದು ನೋಡಿದವನು. ಆ ಪ್ರಕಟಣೆ ಕೇಳಿದ ದಿನ ನಮ್ಮ ಸಾಲಿನಲ್ಲಿ ಕೂತಿದ್ದ ಯಾರೂ ಅಕ್ಕಪಕ್ಕ ತಿರುಗಿ ನೋಡಲಿಲ್ಲ. ಪ್ರಕಟಣೆ ಅವರ ಬಗ್ಗೆ ಇತ್ತು. ಆದರೆ ಅವರು ಅಲ್ಲಿ ಇರಲೇ ಇಲ್ಲ. ಇದ್ದವರು ನಾವು. ಅದನ್ನು ಓದಿದ್ದು ನಮಗಾಗಿ.

ಅವತ್ತಿನಿಂದ ನಾನು ಪುಸ್ತಕದಲ್ಲಿ ಚುಕ್ಕೆ ಇಡುವುದನ್ನು ಬಿಟ್ಟೆ.

ಸಂಶಯ ಅಲ್ಲಿಗೆ ಹೋಯಿತಾ? ಎಲ್ಲಿಂದ ಹೋಗಬೇಕು. ಒಳಗೆ ಇಳಿಯಿತು. ಬಾಯಲ್ಲಿ ಎಲ್ಲರ ಜೊತೆ ಅದೇ ಸಾಲು, ಮನಸ್ಸಿನಲ್ಲಿ ಬೇರೆ ಏನೋ. ಇಂಥವರು ಎಷ್ಟು ಜನ ಇದ್ದಾರೆ ಅಂತ ಯಾರೂ ಎಣಿಸಲಾರರು. ಸಿಕ್ಕಿಬೀಳದೆ ಇರುವುದೇ ಅವರ ಬದುಕು. ತೀರಾ ಕಟ್ಟುನಿಟ್ಟಿನ ಯಹೂದಿ ಸಮುದಾಯಗಳಲ್ಲಿ ಇಂಥವರು ತಮ್ಮನ್ನು ‘ತಿರುಗುಮುರುಗು ಮರ್ರಾನೋ’ ಅಂತ ಕರೆದುಕೊಳ್ಳುವುದುಂಟು. ಮರ್ರಾನೋ ಅಂದರೆ ಸ್ಪೇನ್‌ನಲ್ಲಿ ಹೊರಗೆ ಕ್ರೈಸ್ತರಂತೆ ಇದ್ದು, ಒಳಗೆ ಯಹೂದಿಗಳಾಗಿ ಉಳಿದವರು. ಇವರು ಹೊರಗೆ ಎಲ್ಲ ಆಚಾರ ಪಾಲಿಸುತ್ತಾರೆ, ಒಳಗೆ ನಂಬಿಕೆ ಇಲ್ಲ. ಮದುವೆ ಆಗಿದೆ, ಮಕ್ಕಳು ಆ ಸಮುದಾಯದ ಶಾಲೆಯಲ್ಲೇ ಓದುತ್ತಿದ್ದಾರೆ. ಬಾಯಿ ಬಿಟ್ಟರೆ ಮಕ್ಕಳೇ ಕೈಬಿಟ್ಟು ಹೋಗಬಹುದು. ಅಂಥ ಸಮುದಾಯ ಬಿಟ್ಟು ಬರುವವರಿಗೆ ನೆರವಾಗಲು ಇಸ್ರೇಲ್‌ನಲ್ಲಿ 1991ರಲ್ಲಿ ಹಿಲ್ಲೆಲ್ ಅನ್ನುವ ಸಂಸ್ಥೆ ಶುರುವಾಯಿತು. ನ್ಯೂಯಾರ್ಕ್‌ನಲ್ಲಿ 2003ರಲ್ಲಿ ಫುಟ್‌ಸ್ಟೆಪ್ಸ್ ಶುರುವಾಯಿತು. ಹೊರಗೆ ಬಂದವರಿಗೆ ಮೊದಲು ಬೇಕಾಗುವುದು ತತ್ವಜ್ಞಾನ ಅಲ್ಲವೇ ಅಲ್ಲ. ಒಂದು ಕೆಲಸ, ಶಾಲೆಯಲ್ಲಿ ಕಲಿಸದೆ ಬಿಟ್ಟ ಪಾಠ, ಹಬ್ಬದ ದಿನ ಒಟ್ಟಿಗೆ ಕೂರಲು ಯಾರಾದರೂ ಒಬ್ಬರು.

ಪೀಠದ ಮೇಲೆ ನಿಂತು ಬೋಧಿಸುವವರೂ ಇದರಿಂದ ಹೊರತಲ್ಲ. ನಂಬಿಕೆ ಕಳೆದುಕೊಂಡ ಧರ್ಮಗುರುಗಳಿಗಾಗಿ 2011ರಲ್ಲಿ ಕ್ಲರ್ಜಿ ಪ್ರಾಜೆಕ್ಟ್ ಅನ್ನುವ ಗುಟ್ಟಿನ ಆನ್‌ಲೈನ್ ಕೂಟ ಶುರುವಾಯಿತು. ಶುರುವಿನಲ್ಲಿ 52 ಜನ ಇದ್ದರು. ಆಮೇಲೆ ನೂರುಗಟ್ಟಲೆ ಸೇರಿದರು. ಹೆಸರು ಮುಚ್ಚಿಟ್ಟುಕೊಂಡೇ ಸೇರಬಹುದು. ವಾರಾವಾರ ನೂರಾರು ಜನರ ಮುಂದೆ ಮಾತಾಡುವ ಮನುಷ್ಯನಿಗೆ ತನ್ನ ನಿಜವನ್ನು ಹೇಳಲು ಸುಳ್ಳು ಹೆಸರು ಬೇಕಾಯಿತು. ಓದಿದಾಗ ನನಗೆ ನಮ್ಮ ಹಿರಿಯರ ನೆನಪು ಬಂತು. ಅವರಲ್ಲಿ ಯಾರಾದರೂ? ಗೊತ್ತಾಗುವ ಬಗೆ ಇಲ್ಲ.

ಇನ್ನೊಂದು ಸಂಗತಿ ಇದೆ. ಇದನ್ನು ಹೊರಗಿನವರು ಅಷ್ಟಾಗಿ ಗಮನಿಸುವುದಿಲ್ಲ. ಬೇರೆ ನಂಬಿಕೆಗೆ ಬಂದವನನ್ನು, ಯೋಚನೆ ಮಾಡಿ ಬಂದ ಅಂತ ಯಾರೂ ಒಪ್ಪುವುದಿಲ್ಲ. ಏನೋ ಪಾಪ ಮಾಡಿರಬೇಕು, ಅದಕ್ಕೇ ಧರ್ಮ ಬೇಡವಾಗಿದೆ. ಅಹಂಕಾರ ಬಂದಿದೆ. ಜಾಸ್ತಿ ಓದಿ ತಲೆ ಕೆಟ್ಟಿದೆ. ಯಾರದೋ ಸಹವಾಸ. ನನ್ನ ಗುರುಗಳ ಬಗ್ಗೆ ಈ ಎಲ್ಲ ಮಾತುಗಳೂ ಬಂದವು, ಎರಡೇ ತಿಂಗಳಲ್ಲಿ. ರಾತ್ರಿಗಟ್ಟಲೆ ನಿದ್ದೆಗೆಟ್ಟು, ದೇವರ ಹತ್ತಿರವೇ ಕೇಳಿ ಕೇಳಿ ಆ ಒಂದು ವಾಕ್ಯಕ್ಕೆ ಬಂದವರು ಅವರು. ಅಷ್ಟು ಪ್ರಾಮಾಣಿಕವಾಗಿ ನಮ್ಮಲ್ಲಿ ಯಾರೂ ಧರ್ಮದ ಬಗ್ಗೆ ಯೋಚಿಸಿರಲಿಲ್ಲ. ಮಾತು ಬಿಟ್ಟದ್ದಕ್ಕಿಂತ ಇದು ಅವರನ್ನು ಜಾಸ್ತಿ ಸುಟ್ಟಿರಬೇಕು.

ಯೆಹೋವನ ಸಾಕ್ಷಿಗಳು ಅನ್ನುವ ಕ್ರೈಸ್ತ ಪಂಗಡದಲ್ಲಿ ಹೊರಗೆ ಹಾಕುವಾಗ ಸಭೆಯಲ್ಲಿ ಒಂದೇ ಸಾಲು ಓದುತ್ತಿದ್ದರು: ಇಂಥವರು ಇನ್ನು ಮುಂದೆ ಯೆಹೋವನ ಸಾಕ್ಷಿಯಲ್ಲ. ಕಾರಣ ಹೇಳುತ್ತಿರಲಿಲ್ಲ. 2024ರಲ್ಲಿ ಅವರು ನಿಯಮವನ್ನು ಸ್ವಲ್ಪ ಸಡಿಲ ಮಾಡಿದರು. ಹೊರಗೆ ಹಾಕಿದವರು ಕೂಟಕ್ಕೆ ಬಂದರೆ ಚುಟುಕಾಗಿ ಒಂದು ಮಾತಾಡಿಸಬಹುದು, ಬನ್ನಿ ಅಂತ ಕರೆಯಬಹುದು. ಇದು ಸಣ್ಣ ಬದಲಾವಣೆ ಅಂತ ನಾನು ಹೇಳಲಾರೆ. ಎಷ್ಟೋ ವರ್ಷದ ಮೇಲೆ ಒಂದು ‘ಹೇಗಿದ್ದೀರಿ’ ಕೇಳಿದವರಿಗೇ ಅದರ ಬೆಲೆ ಗೊತ್ತು. ಆದರೆ ಈ ಸಡಿಲಿಕೆ ಧರ್ಮಭ್ರಷ್ಟರು ಅನಿಸಿಕೊಂಡವರಿಗೆ ಇಲ್ಲ. ಕುಡಿದು ತಪ್ಪು ಮಾಡಿದವನನ್ನು ಮಾತಾಡಿಸಬಹುದು. ಬೋಧನೆ ತಪ್ಪು ಅಂತ ಹೇಳುವವನನ್ನು ಮಾತಾಡಿಸುವಂತಿಲ್ಲ. ಇದು ಅವರೊಬ್ಬರದೇ ಕಥೆ ಅಲ್ಲ. ಕೈಯ ತಪ್ಪಿಗಿಂತ ಬಾಯಿಯ ಮಾತಿಗೆ ಹೆದರುವುದು ಎಲ್ಲ ಕಟ್ಟುನಿಟ್ಟಿನ ಕಡೆಯೂ ಇದೆ. ತಪ್ಪು ಮಾಡಿದವನು ನಿಯಮ ಸರಿ ಅಂತ ಒಪ್ಪುತ್ತಾನೆ. ಇವನು ನಿಯಮವನ್ನೇ ಕೇಳುತ್ತಾನೆ.

ಹಾಗಾದರೆ ಸಮುದಾಯಕ್ಕೆ ಯಾವ ಹಕ್ಕೂ ಇಲ್ಲವಾ? ಇದೆ. ಇದನ್ನು ನಾನು ಮನಸಾರೆ ಹೇಳುತ್ತಿದ್ದೇನೆ. ಒಂದು ನಂಬಿಕೆಯ ಸುತ್ತ ಸೇರಿದ ಜನಕ್ಕೆ ‘ನಾವು ನಂಬುವುದು ಇದು’ ಅಂತ ಹೇಳಿಕೊಳ್ಳುವ ಹಕ್ಕು ಬೇಕು. ದೇವರಿಲ್ಲ ಅನ್ನುವವನನ್ನು ಪೂಜೆ ನಡೆಸಲು ಬಿಡಿ ಅಂತ ಯಾರೂ ಒತ್ತಾಯ ಮಾಡುವ ಹಾಗಿಲ್ಲ. ನನ್ನ ಗುರುಗಳನ್ನು ಪಾಠ ಹೇಳುವ ಜಾಗದಿಂದ ಇಳಿಸಿದ್ದು ನನಗೆ ನೋವಾಯಿತು, ಅನ್ಯಾಯ ಅನಿಸಲಿಲ್ಲ. ಅದು ಅವರ ಹೊಣೆಯ ವಿಷಯ. ತಾಯಿಯ ಬಾಯಿ ಮುಚ್ಚಿಸಿದ್ದು ಬೇರೆ. ಅದು ಯಾವ ಹಿರಿಯರ ಹೊಣೆಯೂ ಆಗಿರಲಿಲ್ಲ.

ಈ ಗೆರೆಯನ್ನು ಕಾನೂನು ಎಳೆಯಬಲ್ಲದಾ? ಭಾರತದಲ್ಲಿ ಒಮ್ಮೆ ಪ್ರಯತ್ನ ಆಗಿತ್ತು. ಮುಂಬಯಿ ಪ್ರಾಂತ್ಯದಲ್ಲಿ 1949ರಲ್ಲಿ ಬಹಿಷ್ಕಾರ ತಡೆ ಕಾಯ್ದೆ ಬಂತು. ದಾವೂದಿ ಬೋಹ್ರಾ ಅನ್ನುವ ಮುಸ್ಲಿಂ ಸಮುದಾಯದ ಧರ್ಮಗುರು ಅದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. 1962ರಲ್ಲಿ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಕಾಯ್ದೆ ಸಂವಿಧಾನಕ್ಕೆ ವಿರುದ್ಧ ಅಂದರು. ಧರ್ಮದ ಕಾರಣಕ್ಕೆ ಹೊರಗೆ ಹಾಕುವುದು ಆ ಪಂಗಡ ತನ್ನ ಧರ್ಮದ ವ್ಯವಹಾರ ನೋಡಿಕೊಳ್ಳುವ ಹಕ್ಕಿನ ಭಾಗ ಅನ್ನುವುದು ಅವರ ವಾದ. ಒಪ್ಪದೆ ಉಳಿದವರು ಒಬ್ಬರೇ, ಮುಖ್ಯ ನ್ಯಾಯಮೂರ್ತಿ ಬಿ. ಪಿ. ಸಿನ್ಹಾ. ಭಿನ್ನಮತ ಹೇಳಿದವರ ಪರವಾಗಿ ಆ ಪೀಠದಲ್ಲಿ ಭಿನ್ನಮತ ಹೇಳಿದವರು ಅವರು. ಮನುಷ್ಯನೊಬ್ಬನನ್ನು ಮುಟ್ಟಬಾರದವನಂತೆ ಮಾಡುವ ಕೆಡುಕನ್ನು ನಿಲ್ಲಿಸಲು ಈ ಕಾಯ್ದೆ ಬಂದಿದೆ ಅನ್ನುವುದು ಅವರ ನಿಲುವಾಗಿತ್ತು. ಬೋಹ್ರಾ ಸುಧಾರಕ ಅಸ್ಗರ್ ಅಲಿ ಇಂಜಿನಿಯರ್ ಈ ಬಹಿಷ್ಕಾರದ ವಿರುದ್ಧ ಜೀವಮಾನ ಇಡೀ ಹೋರಾಡಿ 2013ರಲ್ಲಿ ತೀರಿಕೊಂಡರು. ಆ ಹಳೆಯ ತೀರ್ಪು ಸರಿಯೇ ಅನ್ನುವ ಪ್ರಶ್ನೆಯನ್ನು 2023ರಲ್ಲಿ ಸುಪ್ರೀಂ ಕೋರ್ಟ್ 9 ನ್ಯಾಯಮೂರ್ತಿಗಳ ಪೀಠಕ್ಕೆ ಕಳಿಸಿತು. ಮಹಾರಾಷ್ಟ್ರ 2016ರಲ್ಲಿ ಸಾಮಾಜಿಕ ಬಹಿಷ್ಕಾರದ ವಿರುದ್ಧ ಬೇರೆಯದೇ ಕಾಯ್ದೆ ಮಾಡಿತು. ತಪ್ಪಿಗೆ ಮೂರು ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ.

ಕಾನೂನು ಬೇಕು. ಹೂಳಲು ಆರಡಿ ಜಾಗ ಕೊಡುವುದಿಲ್ಲ ಅಂದಾಗ, ಅಂಗಡಿಗೆ ಯಾರೂ ಹೋಗಬೇಡಿ ಅಂದಾಗ, ಹೆಂಡತಿಯನ್ನು ಬಿಡು ಅಂದಾಗ, ಕಾನೂನು ನಡುವೆ ಬಂದು ನಿಲ್ಲಲೇಬೇಕು. ಆದರೆ ಮಾತಾಡಿ ಅಂತ ಯಾವ ನ್ಯಾಯಾಲಯವೂ ಒಬ್ಬ ತಾಯಿಗೆ ಆದೇಶ ಕೊಡಲಾರದು. ಕೊಡಲೂಬಾರದು ಅಂತಲೇ ನನ್ನ ಅನಿಸಿಕೆ. ಸರ್ಕಾರವೇ ನಂಬಿಕೆ ಅಳೆಯಲು ಕೂತರೆ ಏನಾಗುತ್ತದೆ ಅನ್ನುವುದಕ್ಕೆ ಒಂದು ಸಮಾಧಿ ಕಲ್ಲಿದೆ. ಪಾಕಿಸ್ತಾನದ ಭೌತವಿಜ್ಞಾನಿ ಅಬ್ದುಸ್ ಸಲಾಂ 1979ರಲ್ಲಿ ನೊಬೆಲ್ ಪಡೆದರು. ಅವರು ಅಹ್ಮದಿಯಾ ಪಂಗಡದವರು, ತಮ್ಮನ್ನು ಮುಸ್ಲಿಮರು ಅಂತಲೇ ಕರೆದುಕೊಳ್ಳುವವರು. 1974ರಲ್ಲೇ ಪಾಕಿಸ್ತಾನದ ಸಂವಿಧಾನಕ್ಕೆ ತಿದ್ದುಪಡಿ ತಂದು, ಅಹ್ಮದಿಗಳು ಮುಸ್ಲಿಮರಲ್ಲ ಅಂತ ಬರೆದಿದ್ದರು. ಸಲಾಂ 1996ರಲ್ಲಿ ತೀರಿಕೊಂಡರು. ಪಾಕಿಸ್ತಾನದ ರಬ್ವಾ ಊರಿನಲ್ಲಿ ಮಣ್ಣು ಮಾಡಿದರು. ಕಲ್ಲಿನ ಮೇಲೆ ಮೊದಲ ಮುಸ್ಲಿಂ ನೊಬೆಲ್ ವಿಜೇತ ಅಂತ ಕೆತ್ತಿದ್ದರು. ಆಮೇಲೆ ಅದರಲ್ಲಿ ‘ಮುಸ್ಲಿಂ’ ಅನ್ನುವ ಒಂದು ಪದವನ್ನು ಅಳಿಸಿದರು. ಉಳಿದ ಪದಗಳ ನಡುವೆ ಆ ಜಾಗ ಹಾಗೇ ಖಾಲಿ ಇದೆ.

ಸತ್ತ ಮೇಲೂ ಅಳತೆ ಮುಗಿಯುವುದಿಲ್ಲ.

ಎಲಿಯೆಜರನ ಕಥೆಗೂ ಒಂದು ಕೊನೆ ಇದೆ. ಅವನು ಸಾಯುವ ಸ್ಥಿತಿಯಲ್ಲಿದ್ದಾನೆ ಅಂತ ಕೇಳಿ ಅಕಿವಾ ಮತ್ತು ಗೆಳೆಯರು ನೋಡಲು ಬಂದರು. ಆಗಲೂ ನಾಲ್ಕು ಮೊಳ ದೂರದಲ್ಲೇ ಕೂತರು. ‘ಯಾಕೆ ಬಂದಿರಿ?’ ಅಂದ. ‘ಕಲಿಯೋಕೆ ಬಂದೆವು’ ಅಂದರು. ‘ಇಷ್ಟು ದಿನ ಯಾಕೆ ಬರಲಿಲ್ಲ?’ ಅಂದ. ‘ಪುರುಸೊತ್ತಾಗಲಿಲ್ಲ’ ಅಂದರು. ಅವನು ತನ್ನ ಎರಡೂ ತೋಳುಗಳನ್ನು ಎದೆಯ ಮೇಲಿಟ್ಟು, ಇವು ಸುತ್ತಿಟ್ಟ ಎರಡು ಗ್ರಂಥಗಳ ಹಾಗೆ ಮುಚ್ಚಿಹೋಗುತ್ತಿವೆಯಲ್ಲ ಅಂತ ಮರುಗಿದ. ಅವರು ಶುದ್ಧ ಅಶುದ್ಧದ ಪ್ರಶ್ನೆಗಳನ್ನೇ ಕೇಳಿದರು. ಅವನು ಉತ್ತರ ಹೇಳಿದ. ‘ಶುದ್ಧ’ ಅನ್ನುವ ಪದ ಬಾಯಲ್ಲಿರುವಾಗಲೇ ಜೀವ ಹೋಯಿತು. ಆಗ ಆ ಪಂಡಿತರಲ್ಲಿ ಒಬ್ಬನಾದ ಯೆಹೋಶುವ ಎದ್ದು ನಿಂತು, ಬಹಿಷ್ಕಾರ ಮುಗಿಯಿತು, ಬಹಿಷ್ಕಾರ ಮುಗಿಯಿತು ಅಂದ.

ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಮಾರನೇ ದಿನ ಗುರುಗಳ ನಂಬರ್ ಹುಡುಕಲು ಶುರು ಮಾಡಿದೆ. ಸಿಗಲು ಮೂರು ವಾರ ಬೇಕಾಯಿತು. ಬಾ ಅಂದರು.

ತುಂಬಾ ವಯಸ್ಸಾಗಿದೆ. ಬಾಗಿಲು ತೆಗೆದು ನನ್ನನ್ನು ನೋಡಿದ ಕೂಡಲೇ ಗುರುತು ಹಿಡಿದರು. ಒಳಗೆ ಕೂತೆವು. ತಾಯಿಯ ಫೋನಿನ ವಿಷಯ ಆಗಲೇ ಹೇಳಿದ್ದು. ಮಾತಿನ ನಡುವೆ, ಇಷ್ಟು ವರ್ಷ ಯಾಕೆ ಬರಲಿಲ್ಲ ಅಂತ ಕೇಳಿದರು. ಕೇಳಿದ ದನಿಯಲ್ಲಿ ಆಕ್ಷೇಪ ಇರಲಿಲ್ಲ. ಕೆಲಸ ಜಾಸ್ತಿ ಇತ್ತು ಅನ್ನುವ ಮಾತು ನಾಲಿಗೆ ತುದಿವರೆಗೆ ಬಂತು. ನುಂಗಿಕೊಂಡೆ. ಹೆದರಿಕೆ ಆಗಿತ್ತು ಅಂದೆ. ಮೆಟ್ಟಿಲ ಬುಡದಲ್ಲಿ ಆವತ್ತು ನಡೆದದ್ದು ನಿಮಗೆ ನೆನಪಿರಲಿಕ್ಕಿಲ್ಲ ಅಂತ ಶುರು ಮಾಡಿದೆ.

‘ಲೇಸ್ ಬಿಚ್ಚಿರಲಿಲ್ಲ’ ಅಂದರು.

ನಾನು ತಲೆ ತಗ್ಗಿಸಿದೆ.

‘ಉಳಿದವರೆಲ್ಲ ನನ್ನನ್ನು ನೋಡಿಕೊಂಡೇ ಹೋದರು ಕಣೋ’ ಅಂದರು. ‘ಅಲ್ಲಿ ಯಾರೂ ಇಲ್ಲವೇನೋ ಅನ್ನೋ ಹಾಗೆ. ನೀನೊಬ್ಬ ಬಗ್ಗಿದೆ. ಇವನಿಗೆ ಕಷ್ಟ ಆಗ್ತಾ ಇದೆ ಅಂತ ಗೊತ್ತಾಯ್ತು. ಅದಕ್ಕೇ ಸ್ವಲ್ಪ ಹೊತ್ತು ನಿಂತೆ.’

ಹೊರಡುವಾಗ ಕಪಾಟಿನಿಂದ ಆ ಹಳೆಯ ಪುಸ್ತಕ ತೆಗೆದು ತೋರಿಸಿದರು. ಈಗಲೂ ಓದುತ್ತಾರಂತೆ. ಹಾಳೆಗಳು ಹಳದಿಯಾಗಿವೆ. ಕೆಲವು ಚುಕ್ಕೆಗಳನ್ನು ಅಳಿಸಿದ್ದಾರೆ. ಹೊಸವೂ ಇವೆ.